ಗ್ಯಾರೇಜ್ ಪ್ರಶ್ನೋತ್ತರ: ಸ್ಕ್ರೂ ತಿರುಗಿಸುವ ಮೊದಲು ಪೈಪ್ ನೋಡಿ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೂ ಎಂಜಿನ್ ರೇಸ್ ಇಳಿಯುತ್ತಿಲ್ಲ, ಏನು ಮಾಡೋಣ ಅಂತ. ಶಿವಮೊಗ್ಗದ ನನ್ನ ಗ್ಯಾರೇಜಿಗೂ ಮಳೆಗಾಲ ಮುಗಿಯುತ್ತಿದ್ದಂತೆ ಇದೇ ದೂರು ಬರಲು ಶುರುವಾಗುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿದ್ದ ಹಳೆ ಗಾಡಿಗಳು ಒಂದೊಂದಾಗಿ ಹೊರಗೆ ಬರುವ ಕಾಲ ಅದು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಸಲ ಇದೊಂದೇ ವಿಷಯ ಬರೆಯುತ್ತೇನೆ. ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ. ಅದು ಉದ್ದ ಇರಲೇಬೇಕಿತ್ತು, ಯಾಕೆ ಅಂತ ಓದಿದರೆ ಗೊತ್ತಾಗುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಾಲಾ ಮೇಷ್ಟ್ರು. ತೀರ್ಥಹಳ್ಳಿ ತಾಲೂಕಿನಲ್ಲಿ ಮನೆ, ಒಂದಿಷ್ಟು ಅಡಿಕೆ ತೋಟ. ನನ್ನ ಹತ್ತಿರ 1997ರ ಮಾರುತಿ 800 ಇದೆ, ಕಾರ್ಬೊರೇಟರ್ ಗಾಡಿ. ಮಳೆಗಾಲದಲ್ಲಿ ಜಾಸ್ತಿ ಓಡಿಸಲಿಲ್ಲ. ಈಗ ಬಿಸಿಯಾದ ಮೇಲೆ ನಿಂತಲ್ಲೇ ಎಂಜಿನ್ ಜೋರಾಗಿ ತಿರುಗುತ್ತದೆ. ಇಲ್ಲಿನ ಮೆಕ್ಯಾನಿಕ್ ಒಬ್ಬರು ಸ್ಕ್ರೂ ತಿರುಗಿಸಿ ಕಡಿಮೆ ಮಾಡಿಕೊಟ್ಟರು. ಹತ್ತು ದಿನ ಸರಿ ಇತ್ತು. ಆಮೇಲೆ ಮತ್ತೆ ಅದೇ ಕಥೆ. ಈಗ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎರಡು ಮೂರು ಸಲ ಆಫ್ ಆಗುತ್ತದೆ, ಬಿಸಿಯಾದರೆ ಜೋರಾಗುತ್ತದೆ. ಕಾರ್ಬೊರೇಟರ್ ಹೊಸದು ಹಾಕಿಸಬೇಕು ಅನ್ನುತ್ತಿದ್ದಾರೆ. ಅಷ್ಟು ಖರ್ಚು ಮಾಡಬೇಕೇ? ಇನ್ನೊಂದು, ಬ್ರೇಕ್ ಕೂಡ ಈಚೆಗೆ ಸ್ವಲ್ಪ ಗಟ್ಟಿ ಅನ್ನಿಸುತ್ತಿದೆ, ವಯಸ್ಸಾದ ಕಾಲಿಗೆ ಹಾಗನ್ನಿಸುತ್ತಿರಬಹುದು.

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದ ಕೊನೇ ಸಾಲಿನಿಂದಲೇ ಶುರು ಮಾಡುತ್ತೇನೆ. ಕಾಲಿಗೆ ವಯಸ್ಸಾಗಿ ಬ್ರೇಕ್ ಗಟ್ಟಿಯಾಗಿರೋದಲ್ಲ ಅಂತ ನನಗನ್ನಿಸುತ್ತದೆ. ರೇಸ್ ಜಾಸ್ತಿ ಆಗಿರುವುದು, ಬ್ರೇಕ್ ಗಟ್ಟಿಯಾಗಿರುವುದು, ಇವೆರಡೂ ಒಂದೇ ಪೈಪಿನ ಕೆಲಸ ಇರಬಹುದು. ಅದನ್ನು ನೋಡಿಸುವವರೆಗೆ ದಯವಿಟ್ಟು ಆಗುಂಬೆ ಘಾಟಿ ಇಳಿಯಬೇಡಿ. ಉಡುಪಿ ಕಡೆ ಕೆಲಸ ಇದ್ದರೆ ಬಸ್ಸಿನಲ್ಲಿ ಹೋಗಿ ಬನ್ನಿ.

ಯಾಕೆ ಅಂತ ಹೇಳುತ್ತೇನೆ. ಪೆಟ್ರೋಲ್ ಎಂಜಿನ್ ಎಷ್ಟು ಜೋರಾಗಿ ತಿರುಗಬೇಕು ಅನ್ನುವುದನ್ನು ಅದರೊಳಗೆ ಹೋಗುವ ಗಾಳಿ ನಿರ್ಧರಿಸುತ್ತದೆ. ನೀವು ಆಕ್ಸಿಲರೇಟರ್ ಒತ್ತಿದಾಗ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಒಳಗಿನ ಒಂದು ತೆಳು ತಗಡು ತೆರೆದುಕೊಳ್ಳುತ್ತದೆ. ಅದನ್ನು ಥ್ರಾಟಲ್ ಅಂತೀವಿ. ಕಾಲು ತೆಗೆದರೆ ಆ ತಗಡು ಮುಚ್ಚಿಕೊಳ್ಳುತ್ತದೆ, ಕೂದಲೆಳೆಯಷ್ಟು ಸಂದು ಮಾತ್ರ ಉಳಿಯುತ್ತದೆ. ಆ ಸಂದಿನಲ್ಲಿ ನುಸುಳುವಷ್ಟು ಗಾಳಿಯಲ್ಲಿ ಎಂಜಿನ್ ಮೆಲ್ಲಗೆ ತಿರುಗುತ್ತಿರಬೇಕು. ನಿಮ್ಮ ಗಾಡಿಗೆ ನಿಮಿಷಕ್ಕೆ 850, 900 ಸುತ್ತಿನ ಆಸುಪಾಸು ಇದ್ದರೆ ಸರಿ. 900 ಅಂದರೆ ಸೆಕೆಂಡಿಗೆ 15 ಸುತ್ತು. ಕಾಲು ತೆಗೆದ ಮೇಲೂ 1500 ತಿರುಗುತ್ತಿದೆ ಅಂದರೆ ಎಲ್ಲಿಂದಲೋ ಗಾಳಿ ಜಾಸ್ತಿ ಒಳಗೆ ಹೋಗುತ್ತಿದೆ ಅಂತಲೇ ಅರ್ಥ. ಒಂದೋ ತಗಡು ಪೂರ್ತಿ ಮುಚ್ಚುತ್ತಿಲ್ಲ, ಇಲ್ಲ ತಗಡಿನ ಕೆಳಗಡೆ ಬೇರೆ ದಾರಿಯಲ್ಲಿ ಗಾಳಿ ನುಗ್ಗುತ್ತಿದೆ. ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರಿಸುವ ಹೊತ್ತು, ಮುಂದಕ್ಕೆ ಹೋಗಿದ್ದರೂ ರೇಸ್ ಏರುತ್ತದೆ, ಆದರೆ ಶೆಡ್ಡಿನಲ್ಲಿ ನಿಂತಿದ್ದ ಗಾಡಿಯ ಟೈಮಿಂಗ್ ತಾನಾಗಿ ಯಾಕೆ ಬದಲಾಗುತ್ತದೆ?

ಸ್ಕ್ರೂ ತಿರುಗಿಸಿದರೆ ಆ ತಗಡನ್ನು ಇನ್ನಷ್ಟು ಮುಚ್ಚಿದ ಹಾಗಾಗುತ್ತದೆ. ಬೇರೆ ದಾರಿಯಲ್ಲಿ ಬರುತ್ತಿರುವ ಗಾಳಿ ಹಾಗೇ ಬರುತ್ತಿರುತ್ತದೆ. ತಣ್ಣಗಿದ್ದಾಗ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬೇಕು. ಕಳ್ಳಗಾಳಿ ಸೇರಿ ಪೆಟ್ರೋಲ್ ತೆಳುವಾದರೆ ಆಫ್ ಆಗುತ್ತದೆ. ಬಿಸಿಯಾದ ಮೇಲೆ ಅಷ್ಟೇ ಪೆಟ್ರೋಲ್ ಸಾಕಾಗುತ್ತದೆ, ಆಗ ಅದೇ ಕಳ್ಳಗಾಳಿಯಿಂದ ರೇಸ್ ಏರುತ್ತದೆ. ನೀವು ಬರೆದಿರುವುದು ಅಕ್ಷರಶಃ ಇದೇ. ಬೆಳಿಗ್ಗೆ ನಿಲ್ಲುತ್ತದೆ, ಬಿಸಿಯಾದರೆ ಓಡುತ್ತದೆ. ಈ ಎರಡೂ ಒಟ್ಟಿಗೆ ಇದ್ದರೆ ನಾನು ಕಾರ್ಬೊರೇಟರ್ ಬಿಚ್ಚುವುದಿಲ್ಲ, ಪೈಪ್ ಹುಡುಕುತ್ತೇನೆ.

ಹುಡುಕುವ ಮೊದಲು ಸುಲಭದ ಎರಡು ವಿಷಯ ನೋಡಿಬಿಡಿ. ಮಳೆಗಾಲದಲ್ಲಿ ಕೆಸರು ಕಾಲಿಗೆ ಅಂತ ನಮ್ಮ ಕಡೆ ಮ್ಯಾಟ್ ಮೇಲೆ ಗೋಣಿಚೀಲ ಹಾಸುತ್ತೇವೆ. ಅದು ಮುಂದಕ್ಕೆ ಜರುಗಿ ಪೆಡಲ್ ಬುಡಕ್ಕೆ ಸಿಕ್ಕಿಕೊಂಡಿರುತ್ತದೆ. ಚೀಲ ತೆಗೆದು, ಪೆಡಲನ್ನು ಕಾಲಿನ ತುದಿಯಿಂದ ಮೇಲಕ್ಕೆ ಎತ್ತಿ ನೋಡಿ. ರೇಸ್ ಇಳಿದರೆ ಕೇಬಲ್ ಹಿಡಿಯುತ್ತಿದೆ. ಮಳೆಯ ತೇವಕ್ಕೆ ಒಳಗಿನ ತಂತಿ ತುಕ್ಕು ಹಿಡಿದು ವಾಪಸ್ ಜಾರುವುದಿಲ್ಲ. ಬಾನೆಟ್ ಎತ್ತಿ, ಎಂಜಿನ್ ಆಫ್ ಇದ್ದಾಗ ಥ್ರಾಟಲ್ ಸನ್ನೆಯನ್ನು ಕೈಯಲ್ಲೇ ತೆರೆದು ಬಿಡಿ. ಟಕ್ ಅಂತ ಶಬ್ದ ಮಾಡಿ ವಾಪಸ್ ಬರಬೇಕು. ಸೋಮಾರಿಯ ಹಾಗೆ ನಿಧಾನ ಬಂದರೆ ಕೇಬಲ್ ಬದಲಿಸಿ. ಎಣ್ಣೆ ಬಿಟ್ಟರೆ ಹದಿನೈದು ದಿನ ಸರಿ ಹೋಗುತ್ತದೆ, ಮತ್ತೆ ಹಿಡಿಯುತ್ತದೆ. ಘಾಟಿಯಲ್ಲಿ ಹಿಡಿದರೆ ಕಷ್ಟ.

ಎರಡನೆಯದು ಚೋಕ್. ನಿಮ್ಮ ಗಾಡಿಯಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಎಳೆಯುವ ಚೋಕ್ ಗುಬಟು ಇರುತ್ತದೆ. ಅದನ್ನು ಎಳೆದಾಗ ಗಾಳಿ ತಡೆಯುವುದರ ಜೊತೆಗೆ ಒಂದು ಚಿಕ್ಕ ಸನ್ನೆ ಥ್ರಾಟಲನ್ನೂ ಸ್ವಲ್ಪ ತೆರೆದು ಹಿಡಿಯುತ್ತದೆ. ತಣ್ಣನೆ ಎಂಜಿನ್ ನಿಲ್ಲದಿರಲಿ ಅಂತ. ಒಮ್ಮೊಮ್ಮೆ ಒಳಗಿಂದ ಗುಬಟು ಪೂರ್ತಿ ಒತ್ತಿದರೂ ಕಾರ್ಬೊರೇಟರ್ ಹತ್ತಿರ ಕೇಬಲ್ ಪೂರ್ತಿ ಹಿಂದೆ ಹೋಗಿರುವುದಿಲ್ಲ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ಮೇಲಿಂದ ನೋಡಿ. ಚೋಕ್ ತಗಡು ಸೀದಾ ನಿಂತಿರಬೇಕು. ಓರೆಯಾಗಿದ್ದರೆ ಕೈಯಲ್ಲಿ ಒತ್ತಿ ಸೀದಾ ಮಾಡಿ, ರೇಸ್ ಇಳಿಯಿತೋ ನೋಡಿ. ಇಳಿದರೆ ನಿಮ್ಮ ಸಮಸ್ಯೆ ಅಲ್ಲಿಗೇ ಮುಗಿಯಿತು.

ಇವೆರಡೂ ಸರಿ ಇದ್ದರೆ ಈಗ ಪೈಪಿಗೆ ಬನ್ನಿ. ಗಾಡಿಯನ್ನು ಶೆಡ್ಡಿನಿಂದ ಅಂಗಳಕ್ಕೆ ತನ್ನಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಆ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷ ಇದೆ. ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಎರಡು ಕಲ್ಲು. ಹೆಗಲ ಮೇಲಿನ ಟವೆಲ್ ತೆಗೆದು ಒಳಗಿಡಿ. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗಲು ಶುರುವಾಗುತ್ತದೆ. ಎಂಜಿನ್ ಬಿಸಿಯಾಗುವವರೆಗೆ ಕಾಯಿರಿ.

ಎಂಜಿನ್‌ನ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ, ಅಂದರೆ ಕಾರ್ಬೊರೇಟರಿನಿಂದ ಎಂಜಿನ್ ಒಳಗೆ ಗಾಳಿ ಒಯ್ಯುವ ಕೊಳವೆಯಿಂದ, ಹೆಬ್ಬೆರಳಿನಷ್ಟು ದಪ್ಪದ ಒಂದು ಕಪ್ಪು ರಬ್ಬರ್ ಪೈಪ್ ಹಿಂದಕ್ಕೆ ಹೋಗಿರುತ್ತದೆ. ಅದರ ಇನ್ನೊಂದು ತುದಿ ಬ್ರೇಕ್ ಬೂಸ್ಟರ್ ಅನ್ನುವ ದುಂಡನೆ ಕಬ್ಬಿಣದ ಡಬ್ಬಿಗೆ ಸೇರುತ್ತದೆ. ಓಡುವ ಎಂಜಿನ್ ಗಾಳಿ ಎಳೆಯುತ್ತದಲ್ಲ, ಅದೇ ಎಳೆತವನ್ನು ಈ ಪೈಪ್ ಬೂಸ್ಟರಿಗೆ ಕೊಡುತ್ತದೆ. ನಿಮ್ಮ ಕಾಲಿನ ಬಲದ ಜೊತೆ ಆ ಎಳೆತದ ಬಲ ಸೇರಿ ಬ್ರೇಕ್ ಮೆತ್ತಗೆ ಅನ್ನಿಸುತ್ತದೆ. ಪೈಪ್ ಸೀಳಿದರೆ ಎರಡು ಕೆಡುಕು ಒಟ್ಟಿಗೆ. ಎಂಜಿನ್‌ಗೆ ಲೆಕ್ಕಕ್ಕಿಲ್ಲದ ಗಾಳಿ ಹೋಗಿ ರೇಸ್ ಏರುತ್ತದೆ. ಬೂಸ್ಟರಿಗೆ ಎಳೆತ ಸಾಲದೆ ಬ್ರೇಕ್ ಗಟ್ಟಿಯಾಗುತ್ತದೆ. ಘಾಟಿ ಇಳಿಯುವಾಗ ಸೆಕೆಂಡ್ ಗೇರಿನಲ್ಲಿ ಎಂಜಿನ್ ಗಾಡಿಯನ್ನು ಹಿಡಿದುಕೊಳ್ಳಬೇಕು, ಅಲ್ವಾ? ರೇಸ್ ಜಾಸ್ತಿ ಇದ್ದರೆ ಎಂಜಿನ್ನಿನ ಆ ಹಿಡಿತ ಸಡಿಲವಾಗುತ್ತದೆ, ಗಾಡಿ ತೀರಾ ನಿಧಾನವಾದಾಗ ಅದೇ ಮುಂದಕ್ಕೆ ತಳ್ಳುತ್ತದೆ. ಬ್ರೇಕಿಗೆ ಕೆಲಸ ಜಾಸ್ತಿ, ಆದರೆ ಬ್ರೇಕಿಗೆ ಬಲ ಕಡಿಮೆ.

ಇದನ್ನು ನಾನು ಪುಸ್ತಕದಲ್ಲಿ ಕಲಿತಿದ್ದಲ್ಲ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಬಿಳಿ 800 ಬಂತು. ರೇಸ್ ಜಾಸ್ತಿ ಅಂದರು. ಉಸ್ತಾದರು ಊಟಕ್ಕೆ ಹೋಗಿದ್ದರು. ನಾನೇ ಸ್ಕ್ರೂ ತಿರುಗಿಸಿ ಎಂಜಿನ್ ಸದ್ದು ಇಳಿಸಿ ಕಳಿಸಿದೆ. ಗಾಡಿಯವರಿಗೂ ಖುಷಿ, ನನಗೂ ಖುಷಿ. ನಾಲ್ಕು ದಿನ ಬಿಟ್ಟು ಅವರು ಮತ್ತೆ ಬಂದರು. ಕೂಗಾಡಲಿಲ್ಲ. ಬೆಂಚಿನ ಮೇಲೆ ಕೂತು ಮೆಲ್ಲಗೆ ಹೇಳಿದರು. ಆಗುಂಬೆ ತಿರುವಿನಲ್ಲಿ ಬ್ರೇಕ್ ಕಲ್ಲಿನ ಹಾಗಾಯಿತಂತೆ. ಎರಡೂ ಕಾಲು ಇಟ್ಟು ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಗಾಡಿಯನ್ನು ಗುಡ್ಡದ ಕಡೆಯ ಚರಂಡಿಗೆ ಇಳಿಸಿ ನಿಲ್ಲಿಸಿದರಂತೆ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಯಾರಿಗೂ ಏನೂ ಆಗಲಿಲ್ಲ.

ಉಸ್ತಾದರು ನನ್ನನ್ನು ಬೈಯಲಿಲ್ಲ. ಕೈ ಹಿಡಿದು ಬಾನೆಟ್ ಹತ್ತಿರ ಕರೆದುಕೊಂಡು ಹೋದರು. ಎಂಜಿನ್ ಸ್ಟಾರ್ಟ್ ಮಾಡಿಸಿ ನನ್ನ ತೋರುಬೆರಳನ್ನು ಆ ಬೂಸ್ಟರ್ ಪೈಪಿನ ಕೆಳಗಡೆ ಇಡಿಸಿದರು. ಮೇಲಿಂದ ನೋಡಿದರೆ ಪೈಪ್ ಚೆನ್ನಾಗೇ ಇತ್ತು. ಕೆಳಗೆ, ಕ್ಲಿಪ್ ಕಚ್ಚಿದ ಜಾಗದ ಪಕ್ಕದಲ್ಲಿ, ಉಗುರಿನಷ್ಟು ಉದ್ದದ ಸೀಳು. ಆ ಸೀಳು ನನ್ನ ಬೆರಳಿನ ಚರ್ಮವನ್ನು ಎಳೆದು ಹಿಡಿಯಿತು, ಕರು ಬೆರಳು ಚೀಪಿದ ಹಾಗೆ. ಅದೇ ಕ್ಷಣ ಎಂಜಿನ್ ಸದ್ದು ಇಳಿಯಿತು. ಬೆರಳು ತೆಗೆದೆ, ಏರಿತು. ಇಟ್ಟೆ, ಇಳಿಯಿತು. ಇವತ್ತಿಗೂ ರೇಸ್ ಜಾಸ್ತಿ ಅಂತ ಬಂದ ಗಾಡಿಗೆ ನಾನು ಮೊದಲು ಸ್ಕ್ರೂಡ್ರೈವರ್ ತೆಗೆದುಕೊಳ್ಳುವುದಿಲ್ಲ. ಬೆರಳು ಪೈಪಿನ ಕೆಳಗೆ ಹೋಗುತ್ತದೆ.

ನೀವೂ ಹಾಗೇ ಮಾಡಿ ಮೇಷ್ಟ್ರೇ. ಎಂಜಿನ್ ಓಡುತ್ತಿರುವಾಗ ಆ ಪೈಪಿನ ಉದ್ದಕ್ಕೂ, ಎರಡೂ ತುದಿಯ ಕ್ಲಿಪ್ ಹತ್ತಿರವೂ, ಬೆರಳಾಡಿಸಿ. ಸೈಲೆನ್ಸರ್ ಕಡೆಯ ಕಬ್ಬಿಣಕ್ಕೆ ಕೈ ತಾಗದ ಹಾಗೆ ನೋಡಿಕೊಳ್ಳಿ. ಸ್ಸ್ಸ್ ಅನ್ನುವ ಸದ್ದು ಕೇಳಿಸಬಹುದು. ಎಂಜಿನ್ ಸದ್ದಿನಲ್ಲಿ ಕೇಳಿಸದಿದ್ದರೆ ಒಂದು ಗಜದಷ್ಟು ತೆಳು ಪೈಪ್ ತೆಗೆದುಕೊಂಡು ಒಂದು ತುದಿ ಕಿವಿ ಹತ್ತಿರ ಹಿಡಿದು ಇನ್ನೊಂದು ತುದಿಯನ್ನು ಅಲ್ಲಲ್ಲಿ ಆಡಿಸಿ. ಡಾಕ್ಟರು ಎದೆ ನೋಡುವ ಹಾಗೆ. ಸೀಳಿನ ಹತ್ತಿರ ಬಂದಾಗ ಸದ್ದು ಕಿವಿಯೊಳಗೇ ಬಂದ ಹಾಗೆ ಆಗುತ್ತದೆ.

ಬೆರಳಿಗೆ ಸಿಗದಿದ್ದರೆ ಪೈಪಿನ ನಡುವೆ ದಪ್ಪ ಬಟ್ಟೆ ಸುತ್ತಿ ಇಕ್ಕಳದಲ್ಲಿ ಮೆಲ್ಲಗೆ ಅದುಮಿ. ರೇಸ್ ಇಳಿದರೆ ಸೋರಿಕೆ ಅದುಮಿದ ಜಾಗದಿಂದ ಆಚೆ, ಬೂಸ್ಟರ್ ಕಡೆ ಇದೆ. ಬೂಸ್ಟರಿನ ಒಳಗಿನ ರಬ್ಬರ್ ಹರಿದಿದ್ದರೂ ಹೀಗೇ ಆಗುತ್ತದೆ. ಇಳಿಯದಿದ್ದರೆ ಈಚೆ, ಎಂಜಿನ್ ಕಡೆ ಹುಡುಕಬೇಕು.

ಬೂಸ್ಟರ್ ಕೆಲಸ ಮಾಡುತ್ತಿದೆಯೇ ಅಂತ ನೋಡಲು ಒಂದು ಹಳೆ ವಿಧಾನ ಇದೆ. ಎಂಜಿನ್ ಆಫ್ ಮಾಡಿ ಬ್ರೇಕ್ ಪೆಡಲನ್ನು ನಾಲ್ಕೈದು ಸಲ ಒತ್ತಿ. ಗಟ್ಟಿಯಾಗುತ್ತದೆ. ಹಾಗೇ ಒತ್ತಿ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಕಾಲ ಕೆಳಗೆ ಸ್ವಲ್ಪ ಇಳಿಯಬೇಕು. ಇಳಿಯದಿದ್ದರೆ ಎಳೆತ ಬೂಸ್ಟರಿಗೆ ತಲುಪುತ್ತಿಲ್ಲ, ಇಲ್ಲ ಬೂಸ್ಟರೇ ಕೆಟ್ಟಿದೆ. ಈ ಪರೀಕ್ಷೆ ಯಾವ ಕಾರಿನವರು ಬೇಕಾದರೂ, ಘಾಟಿ ಇಳಿಯುವ ಮೊದಲು ಒಂದು ನಿಮಿಷದಲ್ಲಿ ಮಾಡಬಹುದು.

ಬೂಸ್ಟರ್ ಪೈಪ್ ಸರಿ ಇದ್ದರೆ ಉಳಿದ ಸಣ್ಣ ಪೈಪುಗಳು. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋಗುವುದು, ಎಂಜಿನ್ ತಲೆಯಿಂದ ಬರುವ ಹೊಗೆ ಪೈಪ್, ಎಸಿ ಇದ್ದರೆ ಅದರ ಜೊತೆ ರೇಸ್ ಏರಿಸುವ ಪೈಪ್. ನಿಮ್ಮ ಶೆಡ್ಡಿನ ಅಟ್ಟದಲ್ಲಿ ಅಡಿಕೆ ಇದ್ದರೆ ಇಲಿಯೂ ಇರುತ್ತದೆ. ಮಳೆಗಾಲದಲ್ಲಿ ಅದಕ್ಕೆ ಬೆಚ್ಚನೆ ಜಾಗ ಬೇಕು, ಬಾನೆಟ್ ಕೆಳಗೆ ಸೇರಿಕೊಳ್ಳುತ್ತದೆ. ಪೈಪಿನ ಮೇಲೆ ಎರಡೆರಡು ಹಲ್ಲಿನ ಗೀರು, ಅಡಿಯಲ್ಲಿ ರಬ್ಬರ್ ಚೂರು, ಒಣ ಹುಲ್ಲು ಕಂಡರೆ ಎಲ್ಲ ಪೈಪನ್ನೂ ಕೈಯಲ್ಲಿ ಬಗ್ಗಿಸಿ ನೋಡಿ. ಸುಮ್ನೆ ಕಣ್ಣಾಡಿಸಿದರೆ ಹಳೆ ರಬ್ಬರಿನ ಸೀಳು ಕಾಣುವುದಿಲ್ಲ, ಬಗ್ಗಿಸಿದಾಗ ಬಾಯಿ ಬಿಡುತ್ತದೆ.

ಇನ್ನೂ ಸಿಗಲಿಲ್ಲವೇ? ಕಾರ್ಬೊರೇಟರ್ ಕೂತಿರುವ ಜಾಗದ ಪ್ಯಾಕಿಂಗ್ ನೋಡಬೇಕು. ಪಾತ್ರೆ ತೊಳೆಯುವ ಸೋಪಿನ ನೀರನ್ನು ಒಂದು ಸ್ಪ್ರೇ ಬಾಟಲಿಗೆ ಹಾಕಿ, ಕಾರ್ಬೊರೇಟರ್ ಬುಡಕ್ಕೆ, ಮ್ಯಾನಿಫೋಲ್ಡ್ ಎಂಜಿನ್‌ಗೆ ಸೇರುವ ಸಂದಿಗೆ, ಸ್ವಲ್ಪ ಸ್ವಲ್ಪವೇ ಹೊಡೆಯಿರಿ. ಟ್ಯೂಬ್ ಪಂಕ್ಚರ್ ನೋಡುವಾಗ ಬರುವ ಹಾಗೆ ಗುಳ್ಳೆ ಬರುವುದಿಲ್ಲ. ಇಲ್ಲಿ ಗಾಳಿ ಒಳಗೆ ಹೋಗುತ್ತಿರುವುದರಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಎಳೆದುಕೊಂಡ ಕ್ಷಣ ಎಂಜಿನ್ ಸದ್ದು ಬದಲಾಗುತ್ತದೆ. ಡಿಸ್ಟ್ರಿಬ್ಯೂಟರ್, ಕಾಯಿಲ್, ಪ್ಲಗ್ ವಯರ್ ಮೇಲೆ ನೀರು ಬೀಳದಿರಲಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸೋರಿಕೆ ಹುಡುಕಲು ಬಾಟಲಿಯಲ್ಲಿ ಪೆಟ್ರೋಲ್ ಹಿಡಿದು ಕಾರ್ಬೊರೇಟರ್ ಬುಡಕ್ಕೆ ಬಿಡುವವರಿದ್ದಾರೆ. ಬೇಗ ಗೊತ್ತಾಗುತ್ತದೆ, ನಿಜ. ಆದರೆ ಬಿಸಿ ಎಂಜಿನ್ ಮೇಲೆ, ಕಿಡಿ ಹಾರುವ ಜಾಗದಲ್ಲಿ ಪೆಟ್ರೋಲ್ ಸುರಿಯುವುದು ಬೆಂಕಿಯನ್ನು ಕರೆದ ಹಾಗೆ. ನಿಮ್ಮ ಗಾಡಿಗೆ ಯಾರಾದರೂ ಹಾಗೆ ಮಾಡಲು ಬಂದರೆ ಬಾನೆಟ್ ಮುಚ್ಚಿಸಿ.

ಪೈಪ್ ಸೀಳಿದ್ದು ಸಿಕ್ಕರೆ ಟೇಪ್ ಸುತ್ತಬೇಡಿ. ಬಿಸಿಗೆ ಅಂಟು ಕರಗಿ ಬಿಟ್ಟುಕೊಳ್ಳುತ್ತದೆ. ತೋಟದ ಡ್ರಿಪ್ ಪೈಪ್ ತುಂಡು ಸಿಕ್ಕಿಸಿಕೊಂಡು ಬಂದ ಗಾಡಿಯನ್ನೂ ನೋಡಿದ್ದೇನೆ. ಎಳೆತಕ್ಕೂ ಬಿಸಿಗೂ ಅದು ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ, ಆಗ ಬೂಸ್ಟರಿಗೆ ಏನೂ ತಲುಪುವುದಿಲ್ಲ. ಬೂಸ್ಟರ್ ಪೈಪ್ ಅಂತಲೇ ಕೇಳಿ ತನ್ನಿ. ಒಳಗೆ ನೂಲಿನ ನೇಯ್ಗೆ ಇರುತ್ತದೆ. ಆ ಪೈಪಿನ ದಾರಿಯಲ್ಲಿ ಒನ್ ವೇ ವಾಲ್ವ್ ಇರುತ್ತದೆ. ಬಾಯಲ್ಲಿ ಊದಿ ನೋಡಿದರೆ ಒಂದೇ ಕಡೆಗೆ ಗಾಳಿ ಹೋಗಬೇಕು. ಹಳೆಯದನ್ನು ಬಿಚ್ಚುವಾಗ ಬಾಣದ ಗುರುತು ಯಾವ ಕಡೆಗಿತ್ತು ಅಂತ ನೋಡಿಟ್ಟುಕೊಳ್ಳಿ. ಬಾಣ ಎಂಜಿನ್ ಕಡೆ ಇರಬೇಕು. ಉಲ್ಟಾ ಹಾಕಿದರೆ ಬೂಸ್ಟರ್ ಕೆಲಸವೇ ಮಾಡುವುದಿಲ್ಲ.

ಪೈಪ್ ಬದಲಿಸಿದ ಮೇಲೆ ಆ ಸ್ಕ್ರೂವನ್ನು ಮತ್ತೆ ಸರಿ ಮಾಡಿಸಬೇಕು, ಯಾಕೆಂದರೆ ತಪ್ಪು ಜಾಗಕ್ಕೆ ಅದನ್ನು ತಿರುಗಿಸಿ ಇಟ್ಟಿದ್ದಾರೆ. ನಿಮ್ಮ ಗಾಡಿಯಲ್ಲಿ ಆರ್‌ಪಿಎಂ ಮೀಟರ್ ಇಲ್ಲ. ಹಾಗಾದರೆ ರೇಸ್ ಸರಿ ಇದೆ ಅಂತ ಗೊತ್ತಾಗುವುದು ಹೇಗೆ? ಮನೆ ಮುಂದೆ ಅಡಿಕೆ ಒಣಗಿಸುವ ದೊಡ್ಡ ಅಂಗಳ ಇದ್ದರೆ, ಇಲ್ಲ ಯಾರೂ ಇಲ್ಲದ ಸಮ ಮೈದಾನ ಇದ್ದರೆ, ಎಂಜಿನ್ ಬಿಸಿಯಾದ ಮೇಲೆ ಫಸ್ಟ್ ಗೇರ್ ಹಾಕಿ, ಕ್ಲಚ್ ಮೆಲ್ಲಗೆ ಪೂರ್ತಿ ಬಿಡಿ. ಆಕ್ಸಿಲರೇಟರ್ ಮುಟ್ಟಬೇಡಿ. ನಿಮ್ಮ ಗಾಡಿಯ ಗೇರಿಗೂ ಚಕ್ರದ ಅಳತೆಗೂ ಲೆಕ್ಕ ಹಾಕಿದರೆ 900 ಸುತ್ತಿಗೆ ಗಂಟೆಗೆ ಐದೂವರೆ ಕಿಲೋಮೀಟರ್ ಆಸುಪಾಸು ಬರುತ್ತದೆ. ಅಂದರೆ ಬೇಗ ಬೇಗ ನಡೆಯುವವರ ವೇಗ. ಮನೆಯವರು ಯಾರಾದರೂ ಸ್ವಲ್ಪ ದೂರದಲ್ಲಿ ಪಕ್ಕಕ್ಕೆ ನಡೆದು ನೋಡಲಿ. ನಡೆದೇ ಜೊತೆ ಬರಲು ಆದರೆ ಸರಿ ಇದೆ. ಓಡಬೇಕಾಗಿ ಬಂದರೆ ಇನ್ನೂ ಜಾಸ್ತಿ ಇದೆ. 1500ಕ್ಕೆ ಒಂಬತ್ತು ಕಿಲೋಮೀಟರ್ ದಾಟುತ್ತದೆ, ಅದಕ್ಕೆ ಓಡಲೇಬೇಕು.

ಇಷ್ಟೆಲ್ಲ ನೋಡಿಯೂ ಸಿಗದಿದ್ದರೆ ಆಗ ಕಾರ್ಬೊರೇಟರಿನ ಥ್ರಾಟಲ್ ಕಡ್ಡಿ ಸವೆದಿರಬಹುದು. ಕಡ್ಡಿಯನ್ನು ಬೆರಳಲ್ಲಿ ಮೇಲೆ ಕೆಳಗೆ ಅಲ್ಲಾಡಿಸಿ. ಲೊಡಲೊಡ ಅಂದರೆ ಅದರ ಸುತ್ತಲೂ ಗಾಳಿ ನುಗ್ಗುತ್ತದೆ. ಅದಕ್ಕೆ ಮಾತ್ರ ಕಾರ್ಬೊರೇಟರ್ ಮಾತು ಆಡಬಹುದು. ಅಲ್ಲಿಯವರೆಗೆ ಹಣ ಕೊಡಬೇಡಿ.

ಪ್ರಶ್ನೆ: ಸಾಗರದಲ್ಲಿದ್ದೇನೆ. 2002ರ ಎಸ್ಟೀಮ್, ಎಂಪಿಎಫ್‌ಐ. ಎಷ್ಟು ದೂರ ಓಡಿಸಿದರೂ ನಿಂತಾಗ ಮೀಟರಿನ ಮುಳ್ಳು 1400, 1500ರಲ್ಲೇ ಇರುತ್ತದೆ. ಮೈಲೇಜ್ ಕೂಡ ಬಿದ್ದಿದೆ. ಟೆಂಪರೇಚರ್ ಮುಳ್ಳು ಕೆಳಗೇ ಇರುತ್ತದೆ, ಹಾಗಾಗಿ ಹೀಟ್ ಸಮಸ್ಯೆ ಇಲ್ಲ. ಎರಡು ವರ್ಷದ ಹಿಂದೆ ಘಾಟಿ ಹತ್ತುವಾಗ ಹೀಟ್ ಆಗಿತ್ತು, ಆಗ ಥರ್ಮೋಸ್ಟಾಟ್ ತೆಗೆಸಿದ್ದೆ. ಸೆನ್ಸರ್ ಹೋಗಿದೆ ಅನ್ನುತ್ತಾರೆ, ನಿಜವೇ?

ಉತ್ತರ: ಹೀಟ್ ಸಮಸ್ಯೆ ಇಲ್ಲ ಅಂತ ನೀವು ಬರೆದಿದ್ದೀರಿ. ನಿಮ್ಮ ಎಂಜಿನ್‌ಗೆ ಹೀಟ್ ಸಾಲದೇ ಇರುವುದೇ ಸಮಸ್ಯೆ.

ಎಂಪಿಎಫ್‌ಐ ಅಂದರೆ ಕಾರ್ಬೊರೇಟರ್ ಇಲ್ಲ, ಪೆಟ್ರೋಲ್ ಎಷ್ಟು ಬಿಡಬೇಕು ಅಂತ ನಿರ್ಧರಿಸುವ ಒಂದು ಕಂಪ್ಯೂಟರ್ ನಿಮ್ಮ ಗಾಡಿಯಲ್ಲಿ ಇದೆ. ನೀರಿನ ಬಿಸಿ ಎಷ್ಟು ಅಂತ ಒಂದು ಸೆನ್ಸರ್ ಅದಕ್ಕೆ ಹೇಳುತ್ತಿರುತ್ತದೆ. ತಣ್ಣಗಿದೆ ಅಂತ ಗೊತ್ತಾದರೆ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಟ್ಟು, ಗಾಳಿಯ ಸಣ್ಣ ದಾರಿಯೊಂದನ್ನು ತೆರೆದು ರೇಸ್ ಏರಿಸಿ ಇಡುತ್ತದೆ. ಬಿಸಿಯಾದ ಮೇಲೆ ಇಳಿಸುತ್ತದೆ. ಥರ್ಮೋಸ್ಟಾಟ್ ಅನ್ನುವುದು ನೀರಿನ ದಾರಿಯ ಬಾಗಿಲು. 80 ಡಿಗ್ರಿ ದಾಟುವವರೆಗೆ ಅದು ಮುಚ್ಚಿಕೊಂಡು ನೀರನ್ನು ಎಂಜಿನ್ ಒಳಗೇ ಸುತ್ತಿಸುತ್ತದೆ, ಎಂಜಿನ್ ಬೇಗ ಬಿಸಿಯಾಗಲಿ ಅಂತ. ಆ ಬಾಗಿಲನ್ನೇ ಕಿತ್ತು ಹಾಕಿದರೆ ಸ್ಟಾರ್ಟ್ ಮಾಡಿದ ಕ್ಷಣದಿಂದ ನೀರು ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಬರುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಹೇಗೋ ನಡೆದೀತು. ಸಾಗರದ ಮಳೆಯಲ್ಲಿ, ಚಳಿಯಲ್ಲಿ ಎಂಜಿನ್ ಬಿಸಿಯಾಗುವುದೇ ಇಲ್ಲ. ಕಂಪ್ಯೂಟರ್ ಪಾಪ ಇನ್ನೂ ಬೆಳಿಗ್ಗೆ ಅಂತಲೇ ತಿಳಿದುಕೊಂಡು ಪೆಟ್ರೋಲ್ ಸುರಿಯುತ್ತಿದೆ. ಮೈಲೇಜ್ ಬಿದ್ದದ್ದೂ ಇದಕ್ಕೇ. ಹೀಗೆ ಬಹಳ ದಿನ ಓಡಿಸಿದರೆ ಆ ಜಾಸ್ತಿ ಪೆಟ್ರೋಲ್ ಆಯಿಲ್‌ಗೆ ಸೇರಿ ಅದನ್ನು ತೆಳು ಮಾಡುತ್ತದೆ.

ಮೊದಲು ಹೊಸ ಥರ್ಮೋಸ್ಟಾಟ್ ಹಾಕಿಸಿ. ಹಾಕಿಸಿದ ಮೇಲೆ ಕೂಲೆಂಟ್ ತುಂಬಿಸಿ ಗಾಳಿ ತೆಗೆಸಿ. ಘಾಟಿಯಲ್ಲಿ ಹೀಟ್ ಆಗಿದ್ದಕ್ಕೆ ಕಾರಣ ಬೇರೆಯೇ ಇರುತ್ತದೆ. ಕಟ್ಟಿಕೊಂಡ ರೇಡಿಯೇಟರ್, ಸರಿಯಾಗಿ ತಿರುಗದ ಫ್ಯಾನ್, ನೀರಿನ ಪಂಪು. ಅದನ್ನು ಹುಡುಕದೆ ಥರ್ಮೋಸ್ಟಾಟ್ ತೆಗೆದದ್ದು ತಪ್ಪು ಚಿಕಿತ್ಸೆ. ನಮ್ಮ ಕಡೆ ಇದು ರೂಢಿ ಆಗಿಬಿಟ್ಟಿದೆ, ಬಿಡಬೇಕು.

ಮುಳ್ಳು ಮಧ್ಯಕ್ಕೆ ಬಂದ ಮೇಲೂ ರೇಸ್ ಇಳಿಯದಿದ್ದರೆ ಆಗ ಸೆನ್ಸರ್ ನೋಡೋಣ. ಮುಳ್ಳಿಗೆ ಸುದ್ದಿ ಕೊಡುವುದು, ಕಂಪ್ಯೂಟರಿಗೆ ಸುದ್ದಿ ಕೊಡುವುದು ಬೇರೆ ಬೇರೆ ಇರಬಹುದು, ತಪ್ಪಾಗಿ ಬಿಚ್ಚಬೇಡಿ. ಸೆನ್ಸರಿನ ಪ್ಲಗ್ ತೆಗೆದು ಮಲ್ಟಿಮೀಟರ್ ಹಿಡಿದರೆ ತಣ್ಣಗಿದ್ದಾಗ ಎರಡು ಮೂರು ಸಾವಿರ ಓಮ್, 80 ಡಿಗ್ರಿ ಬಿಸಿಯಲ್ಲಿ ಮುನ್ನೂರರ ಆಸುಪಾಸಿಗೆ ಇಳಿಯಬೇಕು. ಬಿಸಿಯಲ್ಲೂ ಸಾವಿರಗಳಲ್ಲೇ ಇದ್ದರೆ ಅದು ಕಂಪ್ಯೂಟರಿಗೆ ಸುಳ್ಳು ಹೇಳುತ್ತಿದೆ, ಬದಲಿಸಿ. ಅದೂ ಸರಿ ಇದ್ದರೆ ಥ್ರಾಟಲ್ ಬಾಡಿಯ, ಅಂದರೆ ಥ್ರಾಟಲ್ ತಗಡು ಕೂತಿರುವ ಭಾಗದ, ಐಡಲ್ ವಾಲ್ವ್ ನೋಡಬೇಕು. ಗಾಳಿಯ ಆ ಸಣ್ಣ ದಾರಿಯನ್ನು ತೆರೆದು ಮುಚ್ಚುವುದು ಅದೇ. ಕಾಡಿಗೆಯ ಹಾಗೆ ಕಪ್ಪು ಮಸಿ ಕಟ್ಟಿ ಅದು ತೆರೆದ ಜಾಗದಲ್ಲೇ ನಿಂತಿರುತ್ತದೆ. ಥ್ರಾಟಲ್ ಕ್ಲೀನರ್ ಹಾಕಿ, ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ಸ್ಕ್ರೂಡ್ರೈವರಿನಲ್ಲಿ ಕೆರೆಯಬಾರದು. ಮೇಲಿನ ಪತ್ರದಲ್ಲಿ ಹೇಳಿದ ಪೈಪುಗಳ ಮಾತು ನಿಮ್ಮ ಗಾಡಿಗೂ ಅನ್ವಯಿಸುತ್ತದೆ, ಅದನ್ನೂ ನೋಡಿಸಿ.

ಮತ್ತೆ, ಥ್ರಾಟಲ್ ಬಾಡಿ ಮೇಲೆ ಬಣ್ಣದ ಚುಕ್ಕಿ ಹಾಕಿದ ಒಂದು ಚಿಕ್ಕ ಸ್ಕ್ರೂ ಇರುತ್ತದೆ. ಕಾರ್ಖಾನೆಯಲ್ಲಿ ಕೂರಿಸಿ ಬಣ್ಣ ಹಚ್ಚಿರುತ್ತಾರೆ. ಅದು ರೇಸ್ ಹೊಂದಿಸುವ ಸ್ಕ್ರೂ ಅಲ್ಲ. ಅದನ್ನು ಯಾರೂ ಮುಟ್ಟದ ಹಾಗೆ ನೀವೇ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ಪ್ರಶ್ನೆ: ಹೊಸನಗರದಿಂದ ಬರೆಯುತ್ತಿದ್ದೇನೆ. ನಾನು ಶಾಲೆಗೆ ಹೋಗಿ ಬರಲು ಹಳೆ ಆಲ್ಟೊ ಓಡಿಸುತ್ತೇನೆ. ಕಳೆದ ವಾರ ಬ್ಯಾಟರಿ ಬದಲಿಸಿದೆ. ಅಂದಿನಿಂದ ರೇಸ್ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಬ್ಯಾಟರಿ ಹಾಕಿದವರು ಏನಾದರೂ ಕೆಡಿಸಿದರೇ?

ಉತ್ತರ: ಇಲ್ಲ ಮೇಡಂ, ಯಾರೂ ಕೆಡಿಸಿರಲಾರರು. ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟುತ್ತಾ ಹೋದ ಹಾಗೆ ಎಷ್ಟು ಗಾಳಿ ಬಿಡಬೇಕು ಅಂತ ಗಾಡಿಯ ಕಂಪ್ಯೂಟರ್ ದಿನ ದಿನ ಕಲಿಯುತ್ತಾ ಬಂದಿರುತ್ತದೆ. ಬ್ಯಾಟರಿ ತೆಗೆದಾಗ ಆ ಕಲಿತದ್ದು ಅಳಿಸಿ ಹೋಗುತ್ತದೆ. ಈಗ ಮತ್ತೆ ಒಂದರಿಂದ ಕಲಿಯುತ್ತಿದೆ. ಬೆಳಿಗ್ಗೆ ಎಸಿ, ಲೈಟ್ ಎಲ್ಲ ಆಫ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್ ಮಾಡಿ. ರೇಡಿಯೇಟರ್ ಫ್ಯಾನ್ ಒಂದೆರಡು ಸಲ ತಿರುಗಿ ನಿಲ್ಲುವವರೆಗೆ ಹಾಗೇ ಬಿಡಿ, ಬಯಲಿನಲ್ಲಿ. ಆಮೇಲೆ ಎರಡು ಮೂರು ದಿನ ಮಾಮೂಲಿ ಓಡಿಸಿ. ಸರಿ ಹೋಗದಿದ್ದರೆ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ. ಒಂದು ಗಂಟೆಯ ಕೆಲಸ. ಬ್ಯಾಟರಿ ಟರ್ಮಿನಲ್ ಗಟ್ಟಿಯಾಗಿ ಕೂತಿದೆಯೇ ಅಂತಲೂ ಕೈಯಲ್ಲಿ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ದಾರಿಯಲ್ಲಿ ಗುಂಡಿ ಬಂದಾಗಲೆಲ್ಲ ಕಂಪ್ಯೂಟರ್ ಕಲಿತದ್ದನ್ನು ಮರೆಯುತ್ತಿರುತ್ತದೆ.

ಪ್ರಶ್ನೆ: ಶೃಂಗೇರಿಯಲ್ಲಿ ಚಳಿ ಜಾಸ್ತಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನನ್ನ ವ್ಯಾಗನ್ ಆರ್ ರೇಸ್ ಜಾಸ್ತಿ ಇರುತ್ತದೆ. ಮೂರು ನಾಲ್ಕು ನಿಮಿಷಕ್ಕೆ ತಾನಾಗಿ ಇಳಿಯುತ್ತದೆ. ರಿಪೇರಿ ಬೇಕೇ?

ಉತ್ತರ: ಬೇಡ. ಅದು ಹಾಗೇ ಇರಬೇಕು. ನಿಂತಲ್ಲೇ ಬಿಸಿ ಮಾಡುತ್ತಾ ಕೂರುವುದೂ ಬೇಡ, ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೊರಡಿ. ಹತ್ತು ನಿಮಿಷ ಓಡಿಸಿದ ಮೇಲೂ ಇಳಿಯದಿದ್ದರೆ ಆಗ ಸಾಗರದವರಿಗೆ ಬರೆದದ್ದನ್ನು ಇನ್ನೊಮ್ಮೆ ಓದಿ.